ಹಾಡುಹಗಲಿಗೆ ಬೇಕಾಗಿದ್ದ ಸೈಕಲ್ ದೀಪ

1982ನೇ ಇಸವಿ ಸೆಪ್ಟೆಂಬರ್ 22, ಬುಧವಾರ, ಸಂಜೆ ಐದೂ ಮುಕ್ಕಾಲು. ತುಮಕೂರು ದಾಟಿ ಗುಬ್ಬಿ ರಸ್ತೆಯಲ್ಲಿ ಎಂಟನೇ ಕಿಲೋಮೀಟರ್ ಕಲ್ಲಿನ ಹತ್ತಿರ, ಸಾಲು ಹುಣಸೆಮರಗಳ ಕೆಳಗೆ, ನಮ್ಮ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಒಬ್ಬರಿಗೆ ಹಿಂದಿನಿಂದ ಬಂದ ಲಾರಿ ಹೊಡೆಯಿತು. ಅವರು ಕೆಲಸ ಮುಗಿಸಿ ಸೈಕಲ್ ಮೇಲೆ ಮನೆಗೆ ಹೋಗುತ್ತಿದ್ದರು. ಮಳೆ ಇರಲಿಲ್ಲ, ಮೋಡ ಇರಲಿಲ್ಲ, ಸೂರ್ಯ ಇನ್ನೂ ಮುಳುಗಿರಲಿಲ್ಲ. ಅವರ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಹವಾಮಾನವನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಮುಂದಿನ ಆರು ತಿಂಗಳು ನಾನು ಸೈಕಲ್ ದೀಪಗಳ ಕೆಲಸದಲ್ಲೇ ಮುಳುಗಿದ್ದೆ. ಆ ಆರು ತಿಂಗಳೂ, ಸೂರ್ಯ ಮುಳುಗಿರಲಿಲ್ಲ ಎಂಬ ಒಂದು ಮಾತನ್ನು ನಮ್ಮ ಆಫೀಸಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಅಂತರಸನಹಳ್ಳಿಯ ಆ ಕಾರ್ಖಾನೆಯಲ್ಲಿ ಪರ್ಸನಲ್, ಅಂದರೆ ಸಿಬ್ಬಂದಿ ವಿಭಾಗದ ಗುಮಾಸ್ತ. ನನಗೆ ಇಪ್ಪತ್ತೆರಡು ವರ್ಷ. ಅಪಘಾತದ ವರದಿ ಟೈಪ್ ಮಾಡುವುದು ನನ್ನ ಪಾಲಿಗೆ ಬಂತು. ಕಾರಣ ಎಂಬಲ್ಲಿ, ಎದುರು ಬಿಸಿಲಿನಲ್ಲಿ ಲಾರಿಯವನಿಗೆ ಸೈಕಲ್ ಕಾಣಿಸಿರಲಿಕ್ಕಿಲ್ಲ ಎಂದು ಬರೆದಿದ್ದೆ. ಪರ್ಸನಲ್ ಆಫೀಸರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಸೈಕಲ್ಲಿಗೆ ದೀಪ ಇಲ್ಲದಿದ್ದುದು ಎಂದು ಬರೆದರು.

"ಸಾರ್, ಬಿಸಿಲಿತ್ತು."

"ಇರ್ಲಿ ಕಣ್ರೀ. ಬಿಸಿಲು ಅಂತ ಬರೆದ್ರೆ ಮೇಲಿನೋರು ನನ್ನ ಕೇಳ್ತಾರೆ, ಅದಕ್ಕೆ ಏನ್ ಮಾಡಿದ್ರಿ ಅಂತ. ಲೈಟ್ ಇರ್ಲಿಲ್ಲ ಅಂದ್ರೆ, ಲೈಟ್ ಕೊಟ್ವಿ ಅನ್ಬೋದು. ಬಿಸಿಲಿಗೆ ಏನ್ ಕೊಡ್ತೀರಾ, ಛತ್ರಿನಾ?"

ಪಕ್ಕದ ಮೇಜಿನವರು ನಕ್ಕರು. ನಾನು ವರದಿಯನ್ನು ಹೊಸದಾಗಿ ಟೈಪ್ ಮಾಡಿದೆ. ಅದೇ ವಾರ ಸೈಕಲ್ಲಿನಲ್ಲಿ ಬರುವ ಎಲ್ಲ ಕಾರ್ಮಿಕರಿಗೂ ಕಾರ್ಖಾನೆಯ ಖರ್ಚಿನಲ್ಲಿ ದೀಪ ಎಂದು ತೀರ್ಮಾನವಾಯಿತು. ಯಾವ ದೀಪ ಎಂದು ನೋಡುವ ಕೆಲಸ ನನಗೆ.

ನಮ್ಮಲ್ಲಿ ಬೆಳ್ಳಾವಿ ಕಡೆಯಿಂದ, ಊರ್ಡಿಗೆರೆ ಕಡೆಯಿಂದ, ಗುಬ್ಬಿ ರಸ್ತೆಯ ಹಳ್ಳಿಗಳಿಂದ ಬರುವವರು ಹೆಚ್ಚು. ಎಲ್ಲರದ್ದೂ ಕಪ್ಪು ಬಣ್ಣದ, ಭಾರದ ಕ್ಯಾರಿಯರ್ ಇರುವ ಸೈಕಲ್. ತುಮಕೂರಿನ ಅಂಗಡಿಯೊಂದರಲ್ಲಿ ನಾಲ್ಕು ಬಗೆಯ ಡೈನಮೋ ದೀಪಗಳನ್ನು ತೋರಿಸಿದರು. ತೋರಿಸುವ ರೀತಿ ಎಲ್ಲ ಅಂಗಡಿಗಳಲ್ಲೂ ಒಂದೇ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸುತ್ತಾರೆ, ಡೈನಮೋವನ್ನು ಟೈರಿಗೆ ತಾಗಿಸುತ್ತಾರೆ, ಪೆಡಲ್ಲನ್ನು ಕೈಯಲ್ಲಿ ಹಿಡಿದು ಗಿರ್ರೆಂದು ತಿರುಗಿಸುತ್ತಾರೆ. ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಹೊರುವುದಕ್ಕೆ ಮೈಯಿಲ್ಲ, ಏರುವುದಕ್ಕೆ ದಿಬ್ಬವಿಲ್ಲ. ಬಲ್ಬು ಬೆಳ್ಳಗೆ ಉರಿಯುತ್ತದೆ. ನಿಂತು ನೋಡುವವರು ಸರಿಯಾಗಿ ದೀಪದ ಮುಂದೆಯೇ ನಿಂತಿರುತ್ತಾರೆ.

ಪರ್ಸನಲ್ ಆಫೀಸರು ಎಲ್ಲಕ್ಕಿಂತ ದೊಡ್ಡದನ್ನು, ಬೆಳ್ಳಿಯ ಹಾಗೆ ಹೊಳೆಯುವ ಗುಂಡು ದೀಪವನ್ನು ನೋಡಿ ಕಣ್ಣು ಕಿರಿದು ಮಾಡಿದರು. "ಇದು ನೋಡ್ರೀ, ಸ್ಕೂಟರ್ ಲೈಟ್ ಇದ್ದಂಗಿದೆ."

ನಾನು ಅಂಗಡಿಯವರ ಅಪ್ಪಣೆ ಪಡೆದು ಅದೇ ಸೈಕಲ್ಲನ್ನು ಹೊರಗೆ ತುಳಿದೆ. ಸಂಜೆ ಮಬ್ಬಾಗಿತ್ತು. ಸಮ ರಸ್ತೆಯಲ್ಲಿ ಬೆಳಕು ಪರವಾಗಿರಲಿಲ್ಲ. ಏರಿನಲ್ಲಿ ಅರಿಶಿನದ ಬಣ್ಣಕ್ಕೆ ಇಳಿಯಿತು. ಬ್ರೇಕ್ ಹಿಡಿದು ನಿಂತೊಡನೆ ಮುಂದಿನ ದೀಪ, ಹಿಂದಿನ ಮಡ್‌ಗಾರ್ಡ್ ಮೇಲಿನ ಪುಟ್ಟ ಕೆಂಪು ದೀಪ, ಎರಡೂ ಒಟ್ಟಿಗೆ ಆರಿದವು. ನಿಂತಾಗ ಬೆಳಕಿಲ್ಲ, ಏರಿನಲ್ಲಿ ಸಾಲದು, ಹಿಂದಿನ ದೀಪ ತೀರ ಚಿಕ್ಕದು ಎಂದು ಅಂದೇ ಬರೆದು ಕೊಟ್ಟೆ. ಆಫೀಸರು ಓದಿದರು. "ಒಳ್ಳೇ ಕೆಲಸ" ಎಂದರು. ಆ ದೊಡ್ಡ ಗುಂಡು ದೀಪಕ್ಕೇ ಆರ್ಡರ್ ಹೋಯಿತು.

ದೀಪಗಳು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ ಎಂದು ರಾತ್ರಿಯಾಗುವುದರೊಳಗೆ ಎಲ್ಲ ಸೈಕಲ್ಲಿಗೂ ಕೂರಿಸಿದರು. ಮರುದಿನ ಲೇತುಗಳಿಗೆ, ಬಾಯ್ಲರ್ ಬಾಗಿಲಿಗೆ ಮಾಡಿದ ಹಾಗೆಯೇ ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳಿಗೂ ಪೂಜೆ. ಒಂದೊಂದು ದೀಪದ ಗಾಜಿಗೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಹಿಂದಿನ ಕೆಂಪು ಗಾಜನ್ನೂ ಬಿಡಲಿಲ್ಲ. ಅದು ಒಣಗಿ ಗಟ್ಟಿಯಾಯಿತು. ಒರೆಸಿಕೊಳ್ಳಿ ಎಂದು ನಾನು ಹೇಳಿದರೆ, "ಪೂಜೆ ಮಾಡಿದ್ನ ಒರಿಸ್ತಾರೇನಪ್ಪ, ತಾನಾಗೇ ಹೋಯ್ತದೆ ಬುಡು" ಎಂದರು. ನಮ್ಮ ಮನೆಯಲ್ಲೂ ವಿಭೂತಿ ಇಡದೆ ಯಾರೂ ಊಟಕ್ಕೆ ಕೂರುವುದಿಲ್ಲ. ನನಗೆ ಬೇಸರವಾದದ್ದು ಪೂಜೆಯ ಬಗ್ಗೆ ಅಲ್ಲ. ಆ ದೀಪ ಪೂಜೆ ಬಿಟ್ಟು ಇನ್ನಾವ ಕೆಲಸಕ್ಕೂ ಬರುವಂತಿರಲಿಲ್ಲ, ಅದಕ್ಕೆ.

ನವೆಂಬರ್ ಕೊನೆಯ ಹೊತ್ತಿಗೆ ಗೇಟಿನಲ್ಲಿ ನಿಂತು ಎಣಿಸಿದೆ. ನೂರ ಮೂವತ್ತು ಸೈಕಲ್ಲುಗಳಲ್ಲಿ ಮುಂದೆ ಹಿಂದೆ ಎರಡೂ ಉರಿಯುತ್ತಿದ್ದುದು ನಲವತ್ತೊಂದರಲ್ಲಿ ಮಾತ್ರ. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿ ಮುಂದಿನ ಬಲ್ಬಿನ ತಂತಿ ಕಡಿಯುತ್ತಿತ್ತು. ಆಗ ಡೈನಮೋದ ಪೂರ್ತಿ ಶಕ್ತಿ ಹಿಂದಿನ ಪುಟ್ಟ ಬಲ್ಬಿಗೆ ಹರಿದು ಅದೂ ಸುಟ್ಟುಹೋಗುತ್ತಿತ್ತು. ಹೀಗೆ ಒಂದು ಹೋದರೆ ಇನ್ನೊಂದು ಉಳಿಯುತ್ತಿರಲಿಲ್ಲ. ಬಲ್ಬು ಹೋದರೂ ದೀಪದ ಬುರುಡೆ ಮಾತ್ರ ಎಲ್ಲರ ಹ್ಯಾಂಡಲ್ ಮೇಲೂ ಭದ್ರವಾಗಿತ್ತು. ದೀಪ ಉಂಟೆಂದು ತೋರಿಸಿದರೆ ಪೊಲೀಸರು ಬಿಡುತ್ತಿದ್ದರು. ಉರಿಯುತ್ತದೆಯೇ ಎಂದು ಹಗಲಲ್ಲಿ ಯಾರೂ ಕೇಳುವುದಿಲ್ಲ.

ಆಫೀಸರು ಮೇಲಿನವರಿಗೆ ಬರೆದರು: ದೀಪ ಕೊಟ್ಟ ಮೇಲೆ ಒಂದು ಅಪಘಾತವೂ ಆಗಿಲ್ಲ. ಅದನ್ನು ಟೈಪ್ ಮಾಡಿದವನೂ ನಾನೇ.

ಡಿಸೆಂಬರ್ ಮೊದಲ ಭಾನುವಾರ ಟರ್ನರ್ ಮನೆಗೆ ಹೋದೆ. ಗುಬ್ಬಿಗೆ ಈಚೆ, ಗುಬ್ಬಿ ರಸ್ತೆಯಿಂದ ಒಳಗೆ ಒಂದು ಹಳ್ಳಿ. ಅವರು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ವಯಸ್ಸು ಮೂವತ್ತೈದರ ಆಸುಪಾಸು. ಕಾಲಿಗೆ ಒಳಗೆ ಕಬ್ಬಿಣದ ಸಲಾಕೆ ಹಾಕಿದ್ದರು. ಅವರ ಪಾಲಿನ ದೀಪವನ್ನು ರಟ್ಟಿನ ಪೆಟ್ಟಿಗೆಯಲ್ಲೇ ತಂದಿದ್ದೆ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚೆನ್ನಾಗೈತೆ. ಮದ್ವೆ ಮನೆ ಮುಂದೆ ಇಡ್ಬೋದು."

"ಅಣ್ಣ, ತಮಾಷೆ ಬೇಡ. ಯಾವತ್ತು ಬರ್ತೀರಾ?"

"ಡಾಕ್ಟ್ರು ಸಂಕ್ರಾಂತಿ ಆಗ್ಲಿ ಅಂದವ್ರೆ. ನಿಮ್ಮೋರು ಫೆಬ್ರವರಿ ಒಂದನೇ ತಾರೀಕು ಬಾ, ಇಲ್ದಿದ್ರೆ ಹೆಸ್ರು ತೆಗೀತೀವಿ ಅಂದವ್ರೆ. ಕಾಲು ಇಬ್ರ ಮಾತೂ ಕೇಳ್ಬೇಕು."

ಅವರ ಹೆಂಡತಿ ಕೊಟ್ಟಿಗೆಯಿಂದ ಬಂದು ಕೈ ಒರೆಸಿಕೊಂಡರು. ಆ ಮೂರು ತಿಂಗಳು ಮನೆ ನಡೆದದ್ದು ಒಂದು ಹಸುವಿನ ಹಾಲಿನಲ್ಲಿ. ಆ ಹಸುವಿಗೇ ಅವರು ದಿನಾ ಸಂಜೆ ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಹುಲ್ಲು ಕೊಯ್ದು ಕ್ಯಾರಿಯರಿಗೆ ಕಟ್ಟಿ ತರುತ್ತಿದ್ದುದು. ಆ ದೀಪವನ್ನು ಆಕೆ ಮುಟ್ಟಲೂ ಇಲ್ಲ.

"ಅಲ್ಲ ಕಣಪ್ಪ, ಹಾಡಗಲೇ ಮನ್ಸನ್ನೇ ಕಾಣ್ದೋನ್ಗೆ ಈ ಬುಡ್ಡಿ ಕಂಡಾತಾ? ಅವತ್ತು ಆ ಡ್ರೈವರ್‌ಗೆ ಏನ್ ಕಾಣ್ತು ಅಂತ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ.

"ಹೋಗ್ದೆ ಇದ್ರೆ ಕೆಲ್ಸ ಇಲ್ಲ. ಹೋದ್ರೆ ಅದೇ ರಸ್ತೆ, ಅದೇ ಹೊತ್ತು. ಬಸ್ಸು ನಿಮ್ ಫ್ಯಾಕ್ಟ್ರಿ ಟೈಮಿಗೆ ಬರಲ್ಲ. ಈಗ ನೀನೇ ಹೇಳು, ಕಳಿಸ್ಲಾ ಬ್ಯಾಡ್ವಾ?"

ಡ್ರೈವರನ್ನು ಕೇಳಿ ಬರುತ್ತೇನೆ ಎಂದೆ.

ಡ್ರೈವರ್ ಊರು ಕುಣಿಗಲ್. ಎರಡು ಭಾನುವಾರ ಹೋದರೂ ಸಿಗಲಿಲ್ಲ. ಮೂರನೆಯ ಸಲ ಅಲ್ಲಿನ ಒಂದು ಲಾರಿ ಗ್ಯಾರೇಜಿನಲ್ಲಿ, ಟೈರಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದವನನ್ನು ಯಾರೋ ತೋರಿಸಿದರು. ಕೋರ್ಟಿನವನಲ್ಲ, ಕಾರ್ಖಾನೆಯವನು ಎಂದು ನಂಬಿಸುವುದಕ್ಕೆ ಒಂದು ಟೀ ಆಗುವಷ್ಟು ಹೊತ್ತು ಹಿಡಿಯಿತು. ಆಮೇಲೆ ಮಾತು ಶುರುವಾದದ್ದು ನಿಲ್ಲಲೇ ಇಲ್ಲ. ಪೊಲೀಸ್ ಸ್ಟೇಷನ್ನಿನ ಅಂಗಳದಲ್ಲಿ ಲಾರಿ ಎಷ್ಟು ದಿನ ಬಿಸಿಲಿಗೆ ಒಣಗಿತು, ಬ್ಯಾಟರಿ ಹೇಗೆ ಹಾಳಾಯಿತು, ಓನರ್ ಹೇಗೆ ಬೈದ ಎಂಬುದೆಲ್ಲ ಬಂತು. ಬಿದ್ದವನ ಕಾಲು ಏನಾಯಿತು ಎಂದು ಅವನು ಒಂದು ಸಲವೂ ಕೇಳಲಿಲ್ಲ. ಎದ್ದು ಬಂದುಬಿಡಬೇಕೆನಿಸಿತು. ಆದರೆ ನಾನು ಹೋದದ್ದು ಅವನ ಕಣ್ಣಿಗಾಗಿ.

"ಅವತ್ತು ನಿಮಗೆ ಏನು ಕಾಣಿಸ್ತು?"

"ಹುಲ್ಲು ಕಾಣ್ತು."

"ಸೈಕಲ್ಲು?"

"ಸೈಕಲ್ ಎಲ್ಲಿಂದ ಬತ್ತದ್ರೀ? ಮುಂದ್ಗಡೆ ಗ್ಲಾಸೆಲ್ಲ ಬಿಸ್ಲು. ಮರದ್ ಕೆಳೀಕೆ ನುಗ್ಗಿದ್ ತಕ್ಷಣ ಕಣ್ಣು ಕತ್ಲೆ. ಎಡಗಡೆ ಹಸ್ರುಗೆ ಒಂದು ಪೊದೆ ಥರ ಇತ್ತು. ರಸ್ತೆ ಪಕ್ಕ ಪೊದೆ ಇರಲ್ವಾ? ಹತ್ರ ಬಂದಾಗ ಪೊದೆ ಅಲ್ಲಾಡ್ತು. ಅಷ್ಟೊತ್ಗೆ ಮುಗ್ದೋಗಿತ್ತು."

"ಹಿಂದೆ ಕೆಂಪು ಗಾಜು ಇತ್ತಲ್ಲ?"

"ಹುಲ್ಲಿನ್ ಒಳಗೆ ಗಾಜು ಇಟ್ರೆ ಹಸೀಗೆ ಕಾಣ್ಬೇಕು, ನನಗಲ್ಲ."

ಅವನು ನನ್ನನ್ನು ಲಾರಿಗೆ ಹತ್ತಿಸಿ ತನ್ನ ಸೀಟಿನಲ್ಲಿ ಕೂರಿಸಿದ. ಗಾಜಿನ ಮೇಲೆ ದಪ್ಪ ಧೂಳು. ಮೇಲಿನಿಂದ ಒಣಗಿದ ಹಾರ ಇಳಿಬಿದ್ದಿತ್ತು. ಎರಡು ಮೂಲೆಗಳಲ್ಲೂ ದೇವರ ಪಟ. ಉಳಿದ ಜಾಗದಲ್ಲಿ ಗ್ಯಾರೇಜಿನ ಗೇಟಿನ ಮೇಲಿಂದ ಬಂದ ಬಿಸಿಲು ಧೂಳಿಗೆ ಹೊಡೆದು ಹಾಲು ಚೆಲ್ಲಿದ ಹಾಗಾಗಿತ್ತು. ಗೇಟಿನ ಪಕ್ಕ ಒಬ್ಬ ಮನುಷ್ಯ ನಿಂತಿದ್ದಾನೆಂದು ನನಗೆ ಗೊತ್ತಾದದ್ದು ಅವನು ಬೀಡಿ ಎಸೆಯಲು ಕೈ ಎತ್ತಿದಾಗ.

ವಾಪಸು ಬರುವ ಬಸ್ಸಿನಲ್ಲಿ ನನಗೆ ನಮ್ಮ ಆಫೀಸಿನ ಬಗ್ಗೆ ಹುಟ್ಟಿದ ಜುಗುಪ್ಸೆ ಆ ಡ್ರೈವರ್ ಬಗ್ಗೆ ಹುಟ್ಟಿದ್ದಕ್ಕಿಂತ ದೊಡ್ಡದಾಗಿತ್ತು. ಹಿಂದಿನಿಂದ, ಹಗಲಲ್ಲಿ, ಹುಲ್ಲಿನ ಹೊರೆಗೆ ಹೊಡೆದ ಲಾರಿಗೆ ಉತ್ತರವಾಗಿ ನಾವು ಮುಂದಿನಿಂದ, ರಾತ್ರಿಯಲ್ಲಿ, ಖಾಲಿ ಸೈಕಲ್ಲು ಕಾಣುವಂಥ ದೀಪ ಕೊಂಡಿದ್ದೆವು. ದೀಪ ಮಾಡುವ ಕಂಪನಿಯವರು ಹಿಂದಿನ ದೀಪವನ್ನು ಮಡ್‌ಗಾರ್ಡಿಗೆ ಕೂರಿಸುತ್ತಾರೆ. ಅದು ಕ್ಯಾರಿಯರ್ ಕೆಳಗೆ. ನಮ್ಮ ಹಳ್ಳಿಗಳಿಗೆ ಸಂಜೆ ಖಾಲಿ ಕ್ಯಾರಿಯರ್ ಇಟ್ಟುಕೊಂಡು ಯಾರೂ ಹೋಗುವುದಿಲ್ಲ. ಹುಲ್ಲು, ಸೌದೆ, ಹಿಂಡಿಯ ಮೂಟೆ, ಏನಾದರೂ ಒಂದು ಇಳಿಬಿದ್ದಿರುತ್ತದೆ. ಬೆಳಗ್ಗೆ ಗೇಟಿನೊಳಗೆ ಬರುವ ಸೈಕಲ್ಲನ್ನು ನೋಡಿ ದೀಪ ಆಯ್ದಿದ್ದೆವು; ಸಂಜೆ ಊರು ಮುಟ್ಟುವ ಸೈಕಲ್ಲನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಜನವರಿಯಲ್ಲಿ ಸಂಜೆಗಳನ್ನು ಗುಬ್ಬಿಯ ಬಸ್ಸಿನಲ್ಲಿ ಕಳೆದೆ. ಡ್ರೈವರ್ ಹಿಂದಿನ ಮೊದಲ ಸೀಟು ಹಿಡಿದು, ಮುಂದಿನ ಗಾಜಿನಿಂದ ಕಾಣುವ ಒಂದೊಂದು ಸೈಕಲ್ಲಿಗೂ ಗುರುತು ಹಾಕುತ್ತಿದ್ದೆ: ದೂರದಿಂದಲೇ ಕಂಡದ್ದು, ಹತ್ತಿರ ಬಂದ ಮೇಲೆ ಕಂಡದ್ದು, ದಾಟಿದ ಮೇಲೆ ಗೊತ್ತಾದದ್ದು. ಎರಡನೆಯ ದಿನ ಕಂಡಕ್ಟರ್ ನನ್ನ ಪಕ್ಕ ಬಗ್ಗಿ ಮೆಲ್ಲಗೆ ಕೇಳಿದ, "ಸಾರ್, ಚೆಕಿಂಗಾ?"

ವಿಷಯ ಹೇಳಿದೆ. ಅವನಿಗೆ ಜೀವ ಬಂತು. ಅಂದಿನಿಂದ ಅವನೇ ಬೆರಳು ತೋರಿಸಿ ಬರೆಸುತ್ತಿದ್ದ. "ಅಲ್ಲೊಬ್ಬ ಬಿಳೀ ಬನೀನ್, ಹಾಕ್ಕೊಳಿ. ಇಗೊ, ಖಾಕಿಯೋನು, ಇವನು ನಿಮ್ಮ ಮೂರನೇ ಸಾಲು. ಡ್ರೈವರಣ್ಣ, ನಿಮಗೆ ಕಾಣ್ತಾ? ಇಲ್ವಂತೆ, ಬರ್ಕೊಳಿ."

ಬಯಲಿನಲ್ಲಿ ಎಲ್ಲರೂ ಕಾಣುತ್ತಿದ್ದರು. ಹುಣಸೆಮರಗಳ ನೆರಳಿಗೆ ಹೊಕ್ಕ ಕೂಡಲೆ ಖಾಕಿ, ನೀಲಿ, ಹಸಿರು ಮೂರೂ ಕರಗಿಹೋಗುತ್ತಿದ್ದವು. ಬಿಳಿ ಬಟ್ಟೆಯವರು ಉಳಿಯುತ್ತಿದ್ದರು. ನಮ್ಮ ಕಾರ್ಖಾನೆಯ ಸಮವಸ್ತ್ರ ಖಾಕಿ. ಹಿಂದಿನ ಕೆಂಪು ದೀಪ ಆ ಇಡೀ ತಿಂಗಳು ಒಂದೇ ಒಂದು ಸಲ ಕಂಡಿತು, ಅದೂ ಕ್ಯಾರಿಯರ್ ಇಲ್ಲದ ಶಾಲಾ ಮಾಸ್ತರರೊಬ್ಬರ ಸೈಕಲ್ಲಿನಲ್ಲಿ.

ಇನ್ನೊಂದು ವಿಷಯ ಅದೇ ಸೀಟಿನಲ್ಲಿ ಗೊತ್ತಾಯಿತು. ಜನವರಿಯ ಸೂರ್ಯ ರಸ್ತೆಯ ನೇರಕ್ಕೆ ಇರಲಿಲ್ಲ. ಎಡಕ್ಕೆ, ಹೊಲಗಳ ಮೇಲೆ ಇಳಿಯುತ್ತಿದ್ದ. ಡ್ರೈವರ್ ಕಣ್ಣಿಗೆ ಬಿಸಿಲು ಬೀಳುತ್ತಲೇ ಇರಲಿಲ್ಲ. ಚಳಿಗಾಲದಲ್ಲಿ ಅಪಘಾತ ಆಗದಿದ್ದುದಕ್ಕೆ ನಮ್ಮ ಗುಂಡು ದೀಪ ಕಾರಣವಲ್ಲ. ಸೂರ್ಯ ಪಕ್ಕಕ್ಕೆ ಸರಿದಿದ್ದ. ಮಾರ್ಚಿಗೆ ಅವನು ಮತ್ತೆ ಸರಿಯಾಗಿ ಗುಬ್ಬಿ ರಸ್ತೆಯ ತುದಿಗೆ ಬಂದು ಕೂರುತ್ತಾನೆ. ಇದನ್ನು ಆಫೀಸರಿಗೆ ಹೇಳಿದೆ.

"ಅವನಿಗೂ ಒಂದು ಮೆಮೊ ಕೊಡೋಣ್ವೇನ್ರೀ?" ಎಂದರು.

ಫೆಬ್ರವರಿ ಒಂದು, ಮಂಗಳವಾರ, ಟರ್ನರ್ ಕೆಲಸಕ್ಕೆ ಬಂದರು. ಎಡಗಾಲಿನಲ್ಲಿ ಹೆಚ್ಚು, ಬಲಗಾಲಿನಲ್ಲಿ ಕಡಿಮೆ ತುಳಿಯುತ್ತಾ ಬಂದರು. ಅಂದು ಸಂಜೆ ಅವರ ಜೊತೆಯಲ್ಲೇ ಸೈಕಲ್ ತುಳಿದುಕೊಂಡು ಹೋದೆ. ಕೊಟ್ಟ ದೀಪವನ್ನು ಕಿತ್ತು, ಕೆಲಸಕ್ಕೆ ಬರುವ ದೀಪವನ್ನು ನಾವೇ ಮಾಡಿಕೊಳ್ಳುವುದು ಎಂದು ದಾರಿಯಲ್ಲಿ ತೀರ್ಮಾನಿಸಿದೆವು. ಅದು ಕಾರ್ಖಾನೆಯ ಆಸ್ತಿ, ಕೀಳುವಂತಿಲ್ಲ ಎಂದು ಸುತ್ತೋಲೆ ಟೈಪ್ ಮಾಡಿದ್ದವನು ನಾನೇ ಆದ್ದರಿಂದ ನನಗೆ ಅದರ ಒಂದೊಂದು ಪದವೂ ಗೊತ್ತಿತ್ತು.

ನಮಗೆ ಬೇಕಾದದ್ದು ಮೂರೇ. ನಿಂತರೂ ಉರಿಯಬೇಕು, ಆದ್ದರಿಂದ ಡೈನಮೋ ಅಲ್ಲ, ಟಾರ್ಚಿನ ಸೆಲ್ಲು. ಸೈಕಲ್ಲಿಗೆ ಅಲ್ಲ, ಹೊರೆಗೆ ಕಟ್ಟುವಂತಿರಬೇಕು. ಹಗಲಿನ ನೆರಳಿನಲ್ಲಿ ಕಾಣಬೇಕು. ಹಗಲಿನಲ್ಲಿ ಕಂಡರೆ ರಾತ್ರಿಯದನ್ನು ಕೇಳುವುದೇ ಬೇಡ.

ಗುಬ್ಬಿಯ ಸೈಕಲ್ ಅಂಗಡಿಯವರೊಬ್ಬರು ಜಾಗ ಕೊಟ್ಟರು, ಹತಾರ ಕೊಟ್ಟರು, ಜೊತೆಗೆ ಬೇಡವೆಂದರೂ ಅಭಿಪ್ರಾಯ ಕೊಟ್ಟರು. ಮೊದಲು ಎರಡು ಸೆಲ್ಲಿನ ಟಾರ್ಚಿನ ಮುಖಕ್ಕೆ ಕೆಂಪು ಜಿಲೇಟಿನ್ ಕಾಗದ ಕಟ್ಟಿದೆವು. ಎರಡು ಪದರ ಹಾಕಿದರೆ ಬೆಳಕೇ ಇಲ್ಲ, ಒಂದು ಪದರ ಹಾಕಿದರೆ ಒಂದು ವಾರದ ಬಿಸಿಲಿಗೆ ಬೆಳ್ಳಗಾಯಿತು. ಟಾರ್ಚಿನ ಬೆಳಕು ನೇರಕ್ಕೆ ಮಾತ್ರ ಹೋಗುತ್ತದೆ. ಹೊರೆ ಸ್ವಲ್ಪ ವಾಲಿದರೆ ರಸ್ತೆಗೋ ಮರಕ್ಕೋ ಬೀಳುತ್ತಿತ್ತು. ಆಮೇಲೆ ಅಂಗಡಿಯವರು ಒಡೆದ ಸ್ಕೂಟರಿನ ಹಿಂದಿನ ಕೆಂಪು ದೀಪದ ಮುಚ್ಚಳವೊಂದನ್ನು ಹುಡುಕಿ ಕೊಟ್ಟರು. ಅದರೊಳಗೆ ಟಾರ್ಚಿನ ಬಲ್ಬನ್ನು ಕೂರಿಸಿ, ಹಿಂದೆ ತಗಡು ಬಡಿದೆವು. ಮುಚ್ಚಳದ ಒಳಗಿನ ಗೀರುಗಳು ಬೆಳಕನ್ನು ಎಲ್ಲ ಕಡೆ ಹರಡಿದವು. ಎರಡು ಸೆಲ್ಲಿನಲ್ಲಿ ನೆರಳಿಗೆ ಸಾಲಲಿಲ್ಲ. ಮೂರು ಸೆಲ್ಲು, ಅದಕ್ಕೆ ತಕ್ಕ ಬಲ್ಬು ಹಾಕಿದಾಗ ಸಾಕಾಯಿತು. ಆದರೆ ಅಷ್ಟು ಬೆಳಕಿಗೆ ಸೆಲ್ಲು ಬೇಗ ಸೋಲುತ್ತದೆ. ಹಾಗಾಗಿ ಮರದ ನೆರಳು ಬಂದಾಗ ಮಾತ್ರ ಹಚ್ಚಬೇಕು. ಹಚ್ಚುವುದಕ್ಕೆ ಹಿಂದಕ್ಕೆ ಕೈ ಹೋಗುವುದಿಲ್ಲ. ಮಂಚದ ಪಕ್ಕ ನೇತುಹಾಕುವ ಬೆಡ್ ಸ್ವಿಚ್ಚನ್ನು ಉದ್ದ ವೈರಿನಲ್ಲಿ ಹ್ಯಾಂಡಲ್ಲಿಗೆ ತಂದು ಕಟ್ಟಿದೆವು.

"ಮಲ್ಕೊಂಡೇ ಸೈಕಲ್ ತುಳೀತೀಯೇನ್ಲಾ?" ಎಂದು ಅಂಗಡಿಯವರು ಟರ್ನರ್‌ಗೆ ಕೇಳಿದರು.

"ಮೂರ್ ತಿಂಗ್ಳು ಮಲ್ಗಿ ಅಭ್ಯಾಸ ಆಗೋಗೈತೆ ಕಣಣ್ಣ."

ದೀಪವನ್ನು ಹೊರೆಗೆ ಕಟ್ಟುವುದಕ್ಕೆ ಕ್ಯಾನ್ವಾಸ್ ಬೆಲ್ಟು. ಮೊದಲು ಹೊರೆಯ ನಡುವೆ ಕಟ್ಟಿದಾಗ ಹುಲ್ಲು ಜಗ್ಗಿದ ಹಾಗೆ ದೀಪ ಒಳಗೆ ಹೂತುಹೋಯಿತು. ಹೊರೆಯ ಬಲಗಡೆಗೆ, ಲಾರಿಗಳು ಹಾಯುವ ಕಡೆಗೆ, ಒಂದು ಹಲಗೆಯ ತುಂಡಿಗೆ ಮೊಳೆ ಹೊಡೆದು, ಹಲಗೆಯನ್ನು ಹಗ್ಗಕ್ಕೆ ಬಿಗಿದಾಗ ನಿಂತಿತು. ಟರ್ನರ್ ಹೆಂಡತಿ ಹಳೆಯ ಬಿಳಿ ಪಂಚೆಯೊಂದನ್ನು ಎರಡಾಗಿ ಹರಿದು ಹೊರೆಯ ಹಿಂಭಾಗಕ್ಕೆ ಹೊದಿಸಿದರು.

"ಮನ್ಸನ್ನ ಕಾಣ್ದೇ ಇದ್ರೂ ಹಸೀನ್ ಊಟನಾದ್ರೂ ಕಾಣ್ಲಿ" ಎಂದರು.

ಹುಣಸೆಮರಗಳ ಕೆಳಗೆ ಅವರು ಹೊರೆ ಕಟ್ಟಿಕೊಂಡು ನಿಂತರು. ನಾನು ಹಿಂದಕ್ಕೆ ನಡೆಯುತ್ತಾ ಹೋಗಿ, ಬಯಲಿನ ಬಿಸಿಲಿನಲ್ಲಿ ನಿಂತು ನೆರಳಿನೊಳಗೆ ನೋಡಿದೆ. ದೀಪ ಇಲ್ಲದಾಗ ಮಸಿ. ಹಚ್ಚಿದಾಗ ಕೆಂಪು ಚುಕ್ಕೆ, ಅದರ ಸುತ್ತ ಬೂದು ಬಣ್ಣಕ್ಕೆ ಪಂಚೆ. ಇನ್ನೂ ಹಿಂದಕ್ಕೆ ಹೋದೆ. ಮುಂದಿನ ತಿರುವಿನವರೆಗೂ ಚುಕ್ಕೆ ಕಾಣುತ್ತಿತ್ತು. ಕತ್ತಲಾಗುವವರೆಗೂ ಕಾದು ನೋಡಿದೆವು. ಆಗ ಒಂದು ಸೆಲ್ಲು ತೆಗೆದು ಚಿಕ್ಕ ಬಲ್ಬು ಹಾಕಿದರೂ ಆಗುತ್ತಿತ್ತು.

ಮರುದಿನ ಗೇಟಿನಲ್ಲಿ ಟರ್ನರನ್ನು ಹಿಡಿದರು. ಹ್ಯಾಂಡಲ್ ಮೇಲೆ ಗುಂಡು ದೀಪ ಇರಲಿಲ್ಲ. ಸಂಜೆ ಬೇರೆಯವರೂ ಸುಮ್ಮನಿರಲಿಲ್ಲ. "ಏನ್ಲಾ, ಹಗಲೊತ್ತೇ ದೀಪ ಕಟ್ಕೊಂಡ್ ಹೊಂಟವ್ನೆ, ಮೆರವಣಿಗೇನಾ? ಓಲಗ ಎಲ್ಲಿ?" ಎಂದು ಬೆಳ್ಳಾವಿಯವರು ಗೇಟಿನಲ್ಲೇ ಅಡ್ಡ ಹಾಕಿದರು.

ಆಫೀಸರು ಇಬ್ಬರನ್ನೂ ಕರೆಸಿದರು. ಆ ಕೆಂಪು ಮುಚ್ಚಳವನ್ನು ಮೇಜಿನ ಮೇಲೆ ಇಟ್ಟು ಎರಡು ಬೆರಳಿನಲ್ಲಿ ಆಚೆಗೆ ತಳ್ಳಿದರು. "ಗುಜರಿಯಿಂದ ಆರಿಸ್ಕೊಂಡು ಬಂದಿದೀರಾ. ಇದನ್ನ ಕಟ್ಕೊಂಡು ನಮ್ ಫ್ಯಾಕ್ಟರಿ ಹೆಸರಲ್ಲಿ ರಸ್ತೇಲಿ ಹೋಗ್ತೀರಾ? ನೋಡಿದೋರು ಏನಂತಾರೆ?"

"ನೋಡಿದ್ರೆ ಸಾಕು ಸಾರ್" ಎಂದರು ಟರ್ನರ್. "ಅಂದ್ರೂ ಪರ್ವಾಗಿಲ್ಲ."

ನಾನು ಬಸ್ಸಿನಲ್ಲಿ ಹಾಕಿದ ಗುರುತುಗಳನ್ನು ಒಟ್ಟು ಮಾಡಿ ಟೈಪ್ ಮಾಡಿಕೊಂಡು ಹೋಗಿದ್ದೆ. ಅದನ್ನು ಅವರು ತಿರುಗಿಸಿಯೂ ನೋಡಲಿಲ್ಲ. ನನಗೆ ಒಂದು ಮೆಮೊ, ಟರ್ನರ್‌ಗೆ ಒಂದು. ಕಾರ್ಖಾನೆ ಕೊಟ್ಟ ದೀಪವನ್ನು ಈ ದಿನವೇ ಹಾಕತಕ್ಕದ್ದು. ಹೊರಗೆ ಬಂದ ಮೇಲೆ ಟರ್ನರ್ ಮೆಮೊ ಮಡಿಸಿ ಜೇಬಿಗಿಟ್ಟರು. "ಹಾಕು ಅಂದವ್ರೆ, ಹಾಕಾನ. ಉರೀಬೇಕು ಅಂದಿಲ್ವಲ್ಲ. ಮುಂದೆ ಅವ್ರ್ದು ಪೂಜೆಗೆ ಇರ್ಲಿ, ಹಿಂದೆ ನಂದು."

ಹಾಗೆಯೇ ಆಯಿತು. ಡೈನಮೋ ಇಲ್ಲದ ಗುಂಡು ದೀಪ ಹ್ಯಾಂಡಲ್ಲಿಗೆ ಮರಳಿತು. ಯಾರೂ ಮತ್ತೆ ಕೇಳಲಿಲ್ಲ. ದೀಪ ಇರಬೇಕೆಂಬುದಷ್ಟೇ ಅವರ ಹಟ. ಅದರಿಂದ ಯಾರಿಗೆ ಯಾರು ಕಾಣಬೇಕು ಎಂಬುದು ಅವರ ತಲೆಗೆ ಒಂದು ದಿನವೂ ಬಂದಿರಲಿಲ್ಲ. ಈಗಲೂ ಆ ಕೋಣೆಯ ಬಾಗಿಲು ದಾಟುವಾಗ ನನಗೆ ಬಾಯಿ ಕಹಿಯಾಗುತ್ತದೆ. ಗುಬ್ಬಿ ರಸ್ತೆಯವರಲ್ಲಿ ಕೆಲವರು ಬಂದು ಬೆಡ್ ಸ್ವಿಚ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮೆರವಣಿಗೆ ಎಂದಿದ್ದ ಬೆಳ್ಳಾವಿಯವರಲ್ಲೂ ಒಬ್ಬರು ಕೇಳಿದರು, ಯಾರಿಗೂ ಹೇಳಬೇಡ ಎಂದು.

ಮಾರ್ಚ್ 21, ಸೋಮವಾರ. ಸೂರ್ಯ ರಸ್ತೆಯ ತುದಿಗೆ ಬಂದಿದ್ದ. ನಾನು ಬಸ್ಸಿನಲ್ಲಿ ಅದೇ ಸೀಟಿನಲ್ಲಿದ್ದೆ. ಟರ್ನರ್ ಮುಂದೆ ಹೋಗಿದ್ದರು. ಈ ಸಲ ಹೊರೆ ಹಸಿರು ಹುಲ್ಲಿನದಲ್ಲ, ಜೋಳದ ಒಣ ದಂಟಿನ ಸೊಪ್ಪೆಯದು, ರಸ್ತೆ ಪಕ್ಕದ ಮಣ್ಣಿನದೇ ಬಣ್ಣ. ಮೊದಲ ಹುಣಸೆ ಸಾಲಿನೊಳಗೆ ಕೆಂಪು ಚುಕ್ಕೆ ಬಹಳ ದೂರದಿಂದಲೇ ಕಾಣಿಸಿತು. ಬಸ್ಸಿನ ಡ್ರೈವರ್ ಏನೂ ಹೇಳದೆ ಸ್ಟಿಯರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸಿದರು. ಕಂಡಕ್ಟರ್ ನನ್ನ ಭುಜ ತಟ್ಟಿದ. ಆದರೆ ಬಸ್ಸು ಅವರನ್ನು ದಾಟಲಿಲ್ಲ. ಎದುರಿಗೆ ಎರಡು ಲಾರಿ ಬಂದವು, ನಾವು ಹಿಂದೆಯೇ ಉಳಿದೆವು.

ಆ ಸಾಲು ಮುಗಿದು ಮುಂದಿನ ಸಾಲು ಶುರುವಾಗುವ ನಡುವೆ ಒಂದು ಕಡೆ ಮರ ಕಡಿದಿದ್ದಾರೆ. ಒಂದೆರಡು ಹೊಲದಷ್ಟು ಬಯಲು. ಟರ್ನರ್ ನೆರಳಿನಿಂದ ಅಲ್ಲಿಗೆ ಹೊರಟರು, ಹಿಂದೆಯೇ ಬಸ್ಸು. ಬಿಸಿಲು ಗಾಜಿನ ತುಂಬ ಹೊಡೆಯಿತು. ಅವರು ಎಲ್ಲಿದ್ದಾರೆಂದು ನನಗೆ ಖಚಿತವಾಗಿ ಗೊತ್ತಿತ್ತು, ಅವರನ್ನು ಬಿಟ್ಟು ಬೇರೇನನ್ನೂ ನಾನು ನೋಡುತ್ತಿರಲಿಲ್ಲ, ಆದರೂ ಅವರು ಇಲ್ಲವಾದರು. ದೀಪ ಉರಿಯುತ್ತಿತ್ತು, ಅದು ಸೂರ್ಯನ ಮುಂದೆ ಏನೂ ಅಲ್ಲ. ಬಿಳಿ ಪಂಚೆ ಬಿಸಿಲಿಗೆ ಬೆನ್ನು ಮಾಡಿದ್ದರಿಂದ ಕಪ್ಪಾಗಿ ಸೊಪ್ಪೆಯಲ್ಲಿ ಬೆರೆತಿತ್ತು.

"ಎಲ್ಲೋದ ನಿಮ್ಮೋನು?" ಎಂದರು ಡ್ರೈವರ್, ಬ್ರೇಕ್ ಮೇಲೆ ಕಾಲಿಟ್ಟು.

ನಾನು ಬಾಯಿ ತೆರೆಯುವ ಮೊದಲು ಬಸ್ಸು ಎರಡನೆಯ ಸಾಲಿನ ನೆರಳಿಗೆ ಬಂತು. ಅವರು ನಮ್ಮ ಮುಂದೆಯೇ, ನಾಲ್ಕು ಮಾರು ದೂರದಲ್ಲಿ, ಎಡಕ್ಕೆ ವಾಲಿ ತುಳಿಯುತ್ತಿದ್ದರು. ಹಿಂದೆ ಏನಾಯಿತೆಂದು ಅವರಿಗೆ ತಿಳಿದೇ ಇರಲಿಲ್ಲ.

ಅಂದು ರಾತ್ರಿ ಅವರ ಜಗುಲಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರ ಹೆಂಡತಿ ಗಂಡನ ಕಡೆ ತಿರುಗಿ, "ಆ ಬಯ್ಲಲ್ಲಿ ಇಳ್ದು ತಳ್ಕೊಂಡ್ ಬಾ. ಟಾರಿಂದ ಕೆಳೀಕೆ, ಮಣ್ಣಲ್ಲಿ. ಹೊತ್ತಾದ್ರೆ ಆಗ್ಲಿ" ಎಂದರು. ಈಗ ಅವರು ಹಾಗೆಯೇ ಮಾಡುತ್ತಾರೆ. ಮೊದಲ ಸಾಲು ಮುಗಿದೊಡನೆ ಇಳಿಯುತ್ತಾರೆ, ಹೊರೆಯ ಸೈಕಲ್ಲನ್ನು ತಗ್ಗು ದಿಣ್ಣೆಯ ಮಣ್ಣಿನಲ್ಲಿ ತಳ್ಳುತ್ತಾರೆ, ಎರಡನೆಯ ಸಾಲಿನಲ್ಲಿ ಮತ್ತೆ ಹತ್ತುತ್ತಾರೆ. ಸಲಾಕೆ ಇರುವ ಕಾಲಿಗೆ ಅಷ್ಟು ದೂರ ತಳ್ಳುವುದು ತುಳಿಯುವುದಕ್ಕಿಂತ ಕಷ್ಟ. ರಾತ್ರಿ ಕಾಲು ಬಾತುಕೊಳ್ಳುತ್ತದೆ. ಮಳೆ ಬಂದರೆ ಆ ಮಣ್ಣು ಕೆಸರಾಗುತ್ತದೆ, ಆಗ ಟಾರಿಗೇ ಹತ್ತಬೇಕು.

ರಾತ್ರಿಗೂ ನೆರಳಿಗೂ ಯಾವ ದೀಪ ಎಂದು ಈಗ ನಾನು ಹೇಳಬಲ್ಲೆ. ಬೇಕಾದವರಿಗೆ ಅಳತೆ ಸಮೇತ ಬರೆದು ಕಳಿಸುತ್ತೇನೆ. ಆದರೆ ಸೂರ್ಯನಿಗೆ ಎದುರಾಗಿ ಬರುವವನ ಕಣ್ಣಿಗೆ, ಸೂರ್ಯನ ಕಡೆಗೇ ಹೋಗುತ್ತಿರುವ ಸೈಕಲ್ಲಿನ ಬೆನ್ನು ಹೇಗೆ ಕಾಣಬೇಕು? ಕನ್ನಡಿ ಕಟ್ಟಿ ನೋಡಿದೆ, ಅದು ಆಕಾಶವನ್ನು ತೋರಿಸುತ್ತದೆ. ಹಳದಿ ಬಟ್ಟೆ, ಕಿತ್ತಳೆ ಬಟ್ಟೆ ನೋಡಿದೆ, ಎಲ್ಲವೂ ಕಪ್ಪು. ಇದಕ್ಕೆ ಉತ್ತರ ಬಲ್ಲವರು ಯಾರಾದರೂ ಇದ್ದರೆ ಈ ಪತ್ರಿಕೆಯ ಮೂಲಕ ದಯವಿಟ್ಟು ಬರೆಯಿರಿ. ಅಂಗಡಿಯಲ್ಲಿ ಕಂಡದ್ದು, ಕ್ಯಾಟಲಾಗಿನಲ್ಲಿ ಓದಿದ್ದು ಬೇಡ. ಸಂಜೆಯ ಹೊತ್ತು ಪಶ್ಚಿಮಕ್ಕೆ ಹೋಗುವ ಯಾವುದಾದರೂ ವಾಹನದ ಮುಂದಿನ ಸೀಟಿನಲ್ಲಿ ಕೂತು, ನಿಮ್ಮ ಕಣ್ಣಿಗೆ ಏನು ಕಂಡಿತೋ ಅದನ್ನು ಮಾತ್ರ ಬರೆಯಿರಿ. ಮಳೆಗಾಲದೊಳಗೆ ಬಂದರೆ ಒಬ್ಬರಿಗೆ ಖಂಡಿತ ಉಪಯೋಗವಾಗುತ್ತದೆ.